ರೂತ್ ಹಾಡದೆ ಉಳಿದ ಅರ್ಧ

ಯೂನಿಯನ್ ಸಿಟಿಯ ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಹರಿಪ್ರಿಯಾ ಹನ್ನೊಂದು ವರ್ಷಗಳಿಂದ ಪಿಟೀಲು ನುಡಿಸುತ್ತಿದ್ದಳು. ಮೈಸೂರಿನವಳು. ವಾರವಿಡೀ ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಮಂಗಳವಾರ ಸಂಜೆ ರಿಹರ್ಸಲ್ಲು. ಹಳೆಯ ಹಾಡುಗಳನ್ನು ಬೇರೆ ಬೇರೆ ವಾದ್ಯಗಳಿಗೆ ಹಂಚಿ ಬರೆಯುವುದನ್ನು ತಾನಾಗಿಯೇ ಕಲಿತಿದ್ದಳು.

ಆ ವರ್ಷ ಡಿಸೆಂಬರಿನ ಕಛೇರಿಗೆ ಯಹೂದಿಗಳ ಹನುಕ್ಕಾ ಹಬ್ಬದ ಹಾಡೊಂದನ್ನು ಸಿದ್ಧಪಡಿಸಲು ನಿರ್ದೇಶಕರು ಅವಳಿಗೆ ಹೇಳಿದರು. ಕ್ಲಾರಿನೆಟ್ ನುಡಿಸುತ್ತಿದ್ದ ಎಂಬತ್ತೊಂದರ ರೂತ್ ಅವಳನ್ನು ಮನೆಗೆ ಕರೆದರು.

"ದೀಪ ಹಚ್ಚಿದ ಮೇಲೆ ಎಲ್ಲರ ಮನೇಲೂ ಹಾಡೋ ಹಾಡೇ ಇದು. ಆದರೆ ನಮ್ಮಪ್ಪನ ಧಾಟಿ ಬೇರೆ. ಪುಸ್ತಕದಲ್ಲಿ ಸಿಗಲ್ಲ," ಎಂದರು.

ಸ್ವರದಿಂದ ಸ್ವರಕ್ಕೆ ಜಾರುತ್ತಾ, ನಡುನಡುವೆ ತಡೆಯುತ್ತಾ ಹಾಡಿದರು. ಹರಿಪ್ರಿಯಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಅರ್ಧಕ್ಕೆ ಬರುವಷ್ಟರಲ್ಲಿ ರೂತ್‌ಗೆ ಕೆಮ್ಮು ಹತ್ತಿತು. "ಮಿಕ್ಕಿದ್ದು ಮುಂದಿನ ವಾರ," ಎಂದು ನಕ್ಕರು.

ಭಾನುವಾರ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು.

ಮಾತು ಹೋದವರಿಗೂ ಕೆಲವೊಮ್ಮೆ ಹಾಡು ಉಳಿದಿರುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಹರಿಪ್ರಿಯಾ ದಿನವೂ ಕೆಲಸ ಮುಗಿಸಿ ಅವರ ಬಳಿ ಹೋಗಿ ಕೂರುತ್ತಿದ್ದಳು. ಮೂರನೆಯ ವಾರ ರೂತ್ ನಿಜವಾಗಿಯೂ ಗುನುಗಿದರು. ಅದೇ ಹಾಡು. ಹರಿಪ್ರಿಯಾ ಫೋನ್ ತೆಗೆದು ರೆಕಾರ್ಡ್ ಒತ್ತಿದಳು. ಮೊದಲರ್ಧ ಮುಗಿಯುತ್ತಲೇ ರೂತ್ ಗುನುಗುವುದನ್ನು ನಿಲ್ಲಿಸಿದರು. ಮುಂದಿನದು ನೀನೇ ಹೇಳಿಕೊಡು ಎಂಬಂತೆ ಅವಳ ಮುಖ ನೋಡಿದರು.

ಲಾಸ್ ಗ್ಯಾಟೋಸಿನಲ್ಲಿದ್ದ ರೂತ್ ಅವರ ಮಗಳು ನೇಯೊಮಿಗೂ ಮಿಕ್ಕ ಅರ್ಧ ಗೊತ್ತಿರಲಿಲ್ಲ. "ಅಷ್ಟು ಹೊತ್ತಿಗೆ ನಾನು ಗಿಫ್ಟು ಬಿಚ್ಚೋಕೆ ಓಡಿರ್ತಿದ್ದೆ," ಎಂದಳು.

ಕಛೇರಿಗೆ ಹತ್ತು ದಿನ ಉಳಿದಿತ್ತು.

"ಪುಸ್ತಕದಲ್ಲಿರೋ ಸೆಕೆಂಡ್ ಹಾಫೇ ಹಾಕ್ಬಿಡು," ಎಂದ ಗಂಡ ಪ್ರದ್ಯುಮ್ನ. "ಆಡಿಯನ್ಸಿಗೆ ಏನು ಗೊತ್ತಾಗತ್ತೆ?"

"ಅವರಿಗಲ್ಲ ರೀ. ರೂತ್‌ಗೆ ಗೊತ್ತಾಗತ್ತೆ."

"ಮತ್ತಿನ್ನೇನು ಮಾಡ್ತೀಯ?"

ಕೊನೆಗೆ ಅವಳು ಪುಸ್ತಕದಲ್ಲಿದ್ದುದನ್ನೇ ಬರೆದು, ಎರಡೂ ಅರ್ಧಗಳು ಹೊಂದುವಂತೆ ಚೆಲ್ಲೋಗಳಿಗೆ ನಾಲ್ಕು ಸಾಲು ಸೇರಿಸಿದಳು.

ಕಛೇರಿಗೆ ರೂತ್‌ರನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಮೊದಲರ್ಧದುದ್ದಕ್ಕೂ ಅವರ ಎಡಗೈ ಬೆರಳು ತಾಳ ಹಾಕುತ್ತಿದ್ದುದು ವೇದಿಕೆಯ ಮೇಲಿಂದಲೇ ಕಾಣುತ್ತಿತ್ತು. ಆಮೇಲೆ ಬೆರಳು ನಿಂತಿತು.

ಕಛೇರಿ ಮುಗಿದ ಮೇಲೆ ನೇಯೊಮಿ ಬಂದು ಹರಿಪ್ರಿಯಾಳನ್ನು ತಬ್ಬಿಕೊಂಡು ಅತ್ತಳು. "ಕೇಳ್ತಿದ್ದ ಹಾಗೇ ಎಲ್ಲಾ ನೆನಪಾಯ್ತು. ತಾತ ಹೀಗೇ ಹಾಡ್ತಿದ್ದಿದ್ದು."

"ಇಲ್ಲ ನೇಯೊಮಿ, ಎರಡನೇ ಭಾಗ..."

"ಹೀಗೇ," ಎಂದಳು ನೇಯೊಮಿ.

ಅವಳ ಬೆನ್ನ ಹಿಂದೆ ರೂತ್ ನಿಧಾನವಾಗಿ ತಲೆಯಾಡಿಸುತ್ತಿದ್ದರು, ಅಲ್ಲ ಎಂದು. ಮಗಳು ತಿರುಗಿ ನೋಡಿ, "ಅಮ್ಮನಿಗೆ ಸುಸ್ತಾಗಿದೆ," ಎಂದು ಕುರ್ಚಿ ತಳ್ಳಿಕೊಂಡು ಹೊರಟಳು. ಹರಿಪ್ರಿಯಾ ಬಾಗಿಲವರೆಗೂ ಹಿಂದೆ ಹೋದಳು.

ಮಾರ್ಚಿನಲ್ಲಿ ರೂತ್ ತೀರಿಕೊಂಡರು.

ಮುಂದಿನ ಹನುಕ್ಕಾಕ್ಕೆ ನೇಯೊಮಿ ಒಂದು ವೀಡಿಯೊ ಕಳಿಸಿದಳು. ಅವಳ ಇಬ್ಬರು ಮಕ್ಕಳು ಆರ್ಕೆಸ್ಟ್ರಾದ ರೆಕಾರ್ಡಿಂಗಿನ ಜೊತೆ ಇಡೀ ಹಾಡನ್ನು ತಪ್ಪಿಲ್ಲದೆ ಹಾಡುತ್ತಿದ್ದರು. ಕೆಳಗೆ, 'ಮುತ್ತಾತನ ಧಾಟಿ ಕಲಿತರು' ಎಂದಿತ್ತು.

ಹರಿಪ್ರಿಯಾ ಉದ್ದದ ಉತ್ತರವೊಂದನ್ನು ಬರೆದಳು, ಅಳಿಸಿದಳು. ಮತ್ತೆ ಬರೆದಳು. ಕೊನೆಗೆ, 'ಮಕ್ಕಳು ಚೆನ್ನಾಗಿ ಹಾಡಿದ್ದಾರೆ' ಎಂದಷ್ಟೇ ಕಳಿಸಿದಳು.