ಬನ್ನಿಯೋ ಜಾಲಿಯೋ

ಯಾರನ್ನಾದರೂ ಬೈಯದೆ ನನಗೆ ಯೋಚನೆ ಮಾಡಲು ಬರುವುದಿಲ್ಲ. ಬಸ್ಸು ತಡವಾದರೆ ಕಂಡಕ್ಟರನ್ನು ಬೈಯುತ್ತೇನೆ, ಸಾರಿಗೆ ಉಪ್ಪು ಜಾಸ್ತಿಯಾದರೆ ಉಪ್ಪಿನ ಡಬ್ಬಿಯನ್ನೇ ಬೈಯುತ್ತೇನೆ. ಬೈದಾದ ಮೇಲೆ ತಲೆ ತಿಳಿಯಾಗುತ್ತದೆ. ನಮ್ಮ ಹೊಲದ ಬನ್ನಿ ಮರದ ವಿಷಯದಲ್ಲಿ ಮಾತ್ರ ಯಾರನ್ನು ಬೈಯಬೇಕೆಂದು ಇವತ್ತಿಗೂ ತಿಳಿದಿಲ್ಲ. ಹಾಗಾಗಿ ಅದು ತಲೆಯೊಳಗೆ ಇನ್ನೂ ಕದಡಿಕೊಂಡೇ ಇದೆ.

ನಾನು ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ತವರು ಹೊಸದುರ್ಗ ತಾಲ್ಲೂಕಿನಲ್ಲಿ, ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ಅಂಚಿನ ಸಣ್ಣ ಊರು. ಹೊಲಮನೆ ನೋಡಿಕೊಳ್ಳುವವನು ಅಣ್ಣ. ಆ ಹೊಲದ ಮೇಲ್ತುದಿಯಲ್ಲಿ, ಕುರಿ ಮೇಯುವ ಕಾವಲಿಗೆ ತಾಗಿದಂತೆ ಒಂದು ಬನ್ನಿ ಮರ ಇತ್ತು. ವಿಜಯದಶಮಿಯ ದಿನ ಊರದೇವರ ಪಲ್ಲಕ್ಕಿ ಅಲ್ಲಿಗೇ ಬರುತ್ತಿತ್ತು. ದೇವರು ಬನ್ನಿ ಮುಡಿದ ಮೇಲೆ ಊರಿನವರೆಲ್ಲ ಎಲೆ ಕಿತ್ತು ಒಬ್ಬರಿಗೊಬ್ಬರು ಕೊಟ್ಟು, 'ಬನ್ನಿ ತಗಂಡು ಬಂಗಾರದಂಗಿರಾಣ' ಎನ್ನುತ್ತಿದ್ದರು. ಅವತ್ತು ಒಂದು ದಿನ ಅಣ್ಣ ಊರಿಗೇ ಯಜಮಾನ. ಮಿಕ್ಕ ದಿನಗಳಲ್ಲಿ ಅವನು ಮಾತಾಡಿದ್ದನ್ನು ಕೇಳಿದವರು ಕಡಿಮೆ. ಪಲ್ಲಕ್ಕಿ ಬರುವ ಹಿಂದಿನ ದಿನ ಮರದ ಸುತ್ತ ಕಸ ಹೊಡೆದು ನೀರು ಚಿಮುಕಿಸುವ ಕೆಲಸವನ್ನು ಅವನು ಆಳುಗಳಿಗೂ ಬಿಡುತ್ತಿರಲಿಲ್ಲ, ಹೆಂಡತಿಗೂ ಬಿಡುತ್ತಿರಲಿಲ್ಲ.

ಆ ಮರವನ್ನು ಯಾರೂ ನೆಟ್ಟಿರಲಿಲ್ಲ. ದೇವರಿಗೆ ಸಲ್ಲುವ ಬನ್ನಿಯನ್ನು ನೆಡಬಾರದು, ಅದು ತಾನಾಗಿ ಹುಟ್ಟಬೇಕು ಎಂಬುದು ನಮ್ಮೂರಿನ ಕಟ್ಟು. ತಾನಾಗಿ ಎಂದರೆ ಹೇಗೆ ಎಂದು ಚಿಕ್ಕಂದಿನಲ್ಲಿ ನಾನು ಕೇಳಿದಾಗ ಅಪ್ಪ, 'ಕುರಿ ಹಾಕಿದ್ದು' ಎಂದಿದ್ದರು. ನಮ್ಮ ಕಡೆ ಬೇಸಿಗೆಯಲ್ಲಿ ಹೊಲಕ್ಕೆ ಕುರಿಮಂದೆ ನಿಲ್ಲಿಸುತ್ತಾರೆ. ಹಗಲೆಲ್ಲ ಕಾವಲಿನಲ್ಲಿ ಮೇದ ಕುರಿಗಳು ರಾತ್ರಿ ಹೊಲದಲ್ಲಿ ಮಲಗಿ ಎದ್ದರೆ ಅವುಗಳ ಹಿಕ್ಕೆಯೇ ಗೊಬ್ಬರ. ಬೇಸಿಗೆಯಲ್ಲಿ ಉದುರಿದ ಬನ್ನಿಕಾಯಿ ತಿಂದ ಕುರಿಯ ಹೊಟ್ಟೆಯಲ್ಲಿ ಬೀಜದ ಗಟ್ಟಿ ಸಿಪ್ಪೆ ಮೆತ್ತಗಾಗುತ್ತದೆ. ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು, ರೋಹಿಣಿ ಮಳೆ ಬಿದ್ದರೆ ಮೊಳೆಯುತ್ತದೆ. ಇದನ್ನೇ ನಾನು ಮಕ್ಕಳಿಗೆ ಬೀಜ ಪ್ರಸಾರ ಎಂದು ಪಾಠ ಮಾಡುತ್ತೇನೆ. ಗಾಳಿ ಹತ್ತಿದ ಎಕ್ಕದ ಬೀಜ, ಕರಡಿ ತಿಂದುಹಾಕಿದ ಕಕ್ಕೆ, ಹಕ್ಕಿ ಉಗುಳಿದ ಬೇವು. ಕಾಡು ಹೀಗೆ ಹೊಟ್ಟೆಯಿಂದ ಹೊಟ್ಟೆಗೆ ನಡೆದು ಹೋಗುತ್ತದೆ ಎಂದರೆ ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಾರೆ. ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ.

ಆ ಮರ ಬರಗಾಲದಲ್ಲಿ ಸಾಯಲಿಲ್ಲ. ಬೋರೆಲ್ಲ ಬತ್ತಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ ವರ್ಷಗಳಲ್ಲೂ ಅದು ಹಸಿರಾಗಿ ನಿಂತಿತ್ತು. ಮಾರಿಕಣಿವೆ ಕೋಡಿ ಬಿದ್ದ ವರ್ಷ, ಊರಿಗೆ ಊರೇ ಕಣಿವೆಗೆ ಹೋಗಿ ಬಾಗಿನದ ಸಂಭ್ರಮ ಮಾಡಿ ಬಂದ ವರ್ಷ, ಹಿನ್ನೀರು ಏರಿ ನಮ್ಮ ಹೊಲದ ಮೇಲ್ತುದಿಯವರೆಗೂ ಬಂತು. ಅಜ್ಜನ ಕಾಲದಲ್ಲೂ ಅಲ್ಲಿಗೆ ನೀರು ಬಂದದ್ದನ್ನು ಕಂಡವರಿಲ್ಲ. ಬಂದ ನೀರು ಇಳಿಯದೆ ಮರದ ಬುಡದಲ್ಲಿ ನಿಂತೇ ಇತ್ತು. ಮುಂದಿನ ಬೇಸಿಗೆಯ ಹೊತ್ತಿಗೆ ಬೇರು ಕೊಳೆತು ಮರ ಒಣಗಿತು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎನ್ನುತ್ತಾರೆ. ನನಗೆ ಆಗ ಬಂದ ಸಿಟ್ಟಿಗೆ ಆ ಗಾದೆ ಕಟ್ಟಿದವನೇ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಆದರೆ ನೀರಿಗಾಗಿ ಹರಕೆ ಹೊತ್ತವರಲ್ಲಿ ನಾನೂ ಒಬ್ಬಳು.

ಅದಾದ ಮೇಲೆ ಎರಡು ದಸರೆಗೆ ಬೇರೆ ಊರಿನಿಂದ ಬನ್ನಿ ಕೊಂಬೆ ತಂದು ಒಣ ಬೊಡ್ಡೆಗೆ ಕಟ್ಟಿ ಪೂಜೆ ಮಾಡಿದರು. ದೇವರೇನೋ ಸುಮ್ಮನಿತ್ತು. ಊರಿನವರು ಸುಮ್ಮನಿರಲಿಲ್ಲ. ಸತ್ತ ಮರಕ್ಕೆ ದೇವರನ್ನು ಕರಕೊಂಡು ಹೋಗುವುದು ಸರಿಯಲ್ಲ ಎಂಬ ಮಾತು ಎದ್ದಿತು. ಅಷ್ಟರಲ್ಲಿ ಬೊಡ್ಡೆಯ ಪಕ್ಕದಲ್ಲೇ, ಮಂದೆ ಮಲಗಿದ್ದ ಜಾಗದಲ್ಲಿ, ಒಂದು ಸಸಿ ಎದ್ದಿತು. ಅಣ್ಣ ಅದರ ಸುತ್ತ ಮುಳ್ಳುಬೇಲಿ ಹಾಕಿ, ಕೊಡದಲ್ಲಿ ನೀರು ಹೊತ್ತು, ಅಡ್ಡಕೊಂಬೆ ಸವರಿ ನೆಟ್ಟಗೆ ನಿಲ್ಲಿಸಿದ. ಅದು ಎದೆಮಟ್ಟ ಬೆಳೆಯಿತು. ಕಳೆದ ವರ್ಷ ಭಾದ್ರಪದದಲ್ಲಿ ಊರಿನ ಹಿರಿಯರು ಅದನ್ನು ನೋಡಲು ಬಂದು ಅರ್ಧ ಜನ ಬನ್ನಿ ಎಂದರು, ಅರ್ಧ ಜನ ಬಳ್ಳಾರಿ ಜಾಲಿ ಎಂದರು. ಕೊನೆಗೆ ಒಬ್ಬರು, 'ನಿನ್ ತಂಗಿ ಸೈನ್ಸ್ ಮೇಡಂ ಅಲ್ವೇನಪ್ಪ, ಕರೆಸು. ಅವರು ಏನಂತಾರೋ ಅದೇ ಸರಿ' ಎಂದರಂತೆ. ಬನ್ನಿ ಆದರೆ ಪಲ್ಲಕ್ಕಿ ನಮ್ಮ ಹೊಲಕ್ಕೆ. ಜಾಲಿ ಆದರೆ ಇನ್ನು ಮುಂದೆ ಇಲ್ಲ.

'ಬಂದು ಒಂದ್ ಮಾತು ಹೇಳೋಗು. ಬನ್ನಿನೇ ಐತೆ ಬಿಡು, ಆದ್ರೂ ನೀನು ಹೇಳ್ಬೇಕಂತೆ' ಎಂದು ಅಣ್ಣ ಫೋನು ಮಾಡಿದ.

ಭಾನುವಾರ ಹೊಸದುರ್ಗದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಕಿಟಕಿಯಿಂದ ಬಳ್ಳಾರಿ ಜಾಲಿಯೇ ಕಾಣುತ್ತಿತ್ತು. ಕೆರೆ ಏರಿಯಲ್ಲಿ, ಗೋಮಾಳದಲ್ಲಿ, ಹಾಳುಬಿದ್ದ ಶಾಲೆಯ ಕಾಂಪೌಂಡಿನಲ್ಲಿ. ಹಿಂದೆ ಇಲ್ಲೆಲ್ಲ ಕಾರೆ, ಕವಳೆ, ಬಾರೆ ಹಣ್ಣಿನ ಗಿಡಗಳಿದ್ದವು. ಇದನ್ನು ದಿನವೂ ನೋಡುತ್ತಿದ್ದೆ. ನೋಡಬೇಕೆಂದು ನೋಡಿದ್ದು ಅವತ್ತೇ ಮೊದಲು.

ಶಾಲೆಯ ಲೈಬ್ರರಿಯ ಹಳೇ ಪುಸ್ತಕದಲ್ಲಿ ಓದಿಕೊಂಡು ಹೋಗಿದ್ದೆ. ಎರಡೂ ಹತ್ತಿರದ ನಂಟರು, ಎಲೆ ನೋಡಿದರೆ ಮೋಸ ಹೋಗುವುದು ಸುಲಭ. ಮುಳ್ಳು ನೋಡಬೇಕು. ಜಾಲಿಗೆ ಎಲೆ ಹೊರಡುವ ಗಂಟಿನಲ್ಲಿ ಮಾತ್ರ ಮುಳ್ಳು, ಸಾಮಾನ್ಯವಾಗಿ ಜೋಡಿ ಮುಳ್ಳು. ಬನ್ನಿಗೆ ಗಂಟು ಗಿಂಟು ಎಂಬ ಲೆಕ್ಕವಿಲ್ಲ, ಕಡ್ಡಿಯ ಮೈತುಂಬ ಎಲ್ಲೆಂದರಲ್ಲಿ ಗಿಡ್ಡ ಮುಳ್ಳು. ಬಣ್ಣವೂ ಸ್ವಲ್ಪ ಬೂದಿ. ಇಷ್ಟು ಗೊತ್ತಿದ್ದರೆ ಸಾಕೆಂದುಕೊಂಡಿದ್ದೆ.

ಹೊಲಕ್ಕೆ ಹೋದಾಗ ಅಣ್ಣನ ಜೊತೆ ಕುರಿಯಜ್ಜನೂ ಇದ್ದ. ಹಿರಿಯೂರು ಕಡೆಯಿಂದ ಮಂದೆ ಹೊಡಕೊಂಡು ಬರುವ ಆತ ಅಪ್ಪನ ಕಾಲದಿಂದಲೂ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುವವನು. ಸಸಿಯ ವಿಷಯ ಕೇಳಿಯೇ ಬಂದಿದ್ದ.

'ನೋಡ್ರಿ ತಾಯಿ, ಹೆಂಗೆ ಬಂದೈತೆ. ನನ್ ಕುರಿ ಹಾಕಿದ್ದು. ಬನ್ನಿ ಅಲ್ದೆ ಇನ್ನೇನು' ಎಂದ.

ಸಸಿ ನಿಜಕ್ಕೂ ಚೆಂದವಾಗಿತ್ತು. ಬೇಲಿಯೊಳಗೆ, ಒದ್ದೆ ಮಣ್ಣಿನಲ್ಲಿ, ಎಣ್ಣೆ ಹಚ್ಚಿ ತಲೆ ಬಾಚಿದ ಹುಡುಗಿಯ ಹಾಗೆ ನಿಂತಿತ್ತು. ಬುಡಕ್ಕೆ ಅರಿಶಿನ ಕುಂಕುಮ ಬೇರೆ. ನಾನು ಕೂತು ಮುಳ್ಳು ಹುಡುಕಿದೆ. ಕೆಳಗಿನ ಮುಳ್ಳುಗಳನ್ನೆಲ್ಲ ಅಣ್ಣ ಪೂಜೆಗೆ ಅಡ್ಡಿಯಾಗುತ್ತವೆಂದು ಸವರಿಬಿಟ್ಟಿದ್ದ. ಮೇಲೆ ಒಂದು ಗಂಟಿನಲ್ಲಿ ಜೋಡಿ ಮುಳ್ಳಿತ್ತು. ಇನ್ನೊಂದು ಗಂಟಿನಲ್ಲಿ ಒಂದೇ ಇತ್ತು. ಮತ್ತೊಂದರಲ್ಲಿ ಏನೂ ಇರಲಿಲ್ಲ. ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್ ಇದೆಯಲ್ಲ, ಅದಕ್ಕೆ ಫೋಟೋ ತೋರಿಸಿದೆ. ಒಂದು ಸಲ ಬನ್ನಿ ಎಂದಿತು, ಇನ್ನೊಂದು ಸಲ ಜಾಲಿ ಎಂದಿತು, ಮೂರನೇ ಸಲ ಹುಣಸೆ ಎಂದಿತು. ಅದನ್ನು ಬೈದೆ.

'ಅಜ್ಜ, ಈಗ ನಿಮ್ ಕುರಿ ಏನ್ ತಿಂತಾವೆ?' ಎಂದು ಕೇಳಿದೆ.

'ಸಿಕ್ಕಿದ್ ತಿಂತಾವೆ. ಮೊದ್ಲು ಬೇಸಿಗೇಲಿ ಬನ್ನಿಕಾಯಿ ಇತ್ತು. ಈಗ ಅದು ಹೂ ಬಿಡಾ ಹೊತ್ತಿಗೇ ಮಳೆ ಹುಯ್ತೈತೆ, ಹೂವೆಲ್ಲ ಉದುರೋಗ್ತೈತೆ. ರೋಹಿಣಿಗೆ ಬಾರಪ್ಪ ಅಂದ್ರೆ ಬರಲ್ಲ. ದೀಪಾವಳಿಗೆ ಬತ್ತೈತೆ.'

'ಮತ್ತೆ ಹೊಟ್ಟೆಗೆ?'

'ಜಾಲಿಕಾಯಿ. ಅದು ಯಾವ್ ಮಳೆಗೂ ಕಾಯಲ್ಲ. ಅದಿಲ್ದಿದ್ರೆ ಈಸು ಕುರಿ ಸತ್ತೇ ಹೋಗ್ತಿದ್ವು.' ಹೇಳಿದ ಮೇಲೆ ಆತನಿಗೆ ತಾನು ಏನು ಹೇಳಿದೆ ಎಂಬುದು ಹೊಳೆಯಿತೇನೋ. ಸಸಿಯನ್ನು ಒಮ್ಮೆ ನೋಡಿ, 'ಆದ್ರೂ ಇದು ಬನ್ನಿನೇ ಕಣ್ರಿ' ಎಂದ.

ಕುರಿಗಳು ಮಾಡಿದ್ದು ಹಿಂದಿನಿಂದ ಮಾಡುತ್ತಿದ್ದ ಕೆಲಸವನ್ನೇ. ತಿಂದವು, ನಡೆದವು, ಮಲಗಿದವು. ಹೊಟ್ಟೆಗೆ ಬೀಳುವ ಬೀಜ ಮಾತ್ರ ಬದಲಾಗಿತ್ತು. ಅದಕ್ಕೆ ಮಳೆಯನ್ನು ಬೈಯೋಣವೆಂದರೆ ಮಳೆಯಾದರೂ ತನ್ನ ತಿಂಗಳು ಮರೆತದ್ದು ತಾನಾಗಿಯೇ? ಜಾಲಿಯನ್ನು ಬೈದರೆ ಅಜ್ಜನ ಕುರಿಗಳ ಜೀವ ಉಳಿಸಿದ್ದು ಅದೇ. ಇದು ಜಾಲಿಯೇ ಆಗಿದ್ದು, ಬನ್ನಿಯ ಬುಡದಲ್ಲಿ ಹುಟ್ಟಿ, ದೇವರ ಹೆಸರಿನಲ್ಲಿ ಉಳಿದು, ನಾಳೆ ಇದೇ ಕಾಯಿ ಬಿಟ್ಟರೆ ಕುರಿಗಳು ಅದನ್ನು ಕಾವಲಿನ ತುಂಬ ಬಿತ್ತುತ್ತವೆ. ದೇವರ ಮರವೆಂದು ಕಡಿಯುವವರೂ ಇರುವುದಿಲ್ಲ. ಗೊತ್ತು. ಆದರೆ ಬನ್ನಿ ಎಂದು ಒಂದು ಮಾತು ಹೇಳಿದರೆ ಅಣ್ಣನ ಆ ಒಂದು ದಿನ ಉಳಿಯುತ್ತದೆ. ಒಂದು ಗಿಡದಿಂದ ಕಾಡೇನು ಕೆಡುತ್ತದೆ ಎಂದೂ ಅನ್ನಿಸಿತು. ಕೆಟ್ಟ ಕಾಡೆಲ್ಲ ಒಂದೊಂದು ಗಿಡದಿಂದಲೇ ಕೆಟ್ಟದ್ದು ಎಂದೂ ಅನ್ನಿಸಿತು.

ಬಳ್ಳಾರಿ ಜಾಲಿಯನ್ನು ಗುರುತಿಸದ ರೈತ ನಮ್ಮ ಸೀಮೆಯಲ್ಲಿಲ್ಲ. ಬೇರೆ ಕಡೆ ಕಂಡಿದ್ದರೆ ಅಣ್ಣ ಎರಡನೇ ಸಲ ನೋಡದೆ ಕೊಚ್ಚಿಹಾಕುತ್ತಿದ್ದ. ಇದು ಅವನು ಬೇಡಿಕೊಂಡ ಜಾಗದಲ್ಲಿ ಹುಟ್ಟಿತ್ತು. ಎಳೆ ಬನ್ನಿ ಹೇಗಿರುತ್ತದೆಂದು ಅವನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ನಮ್ಮ ತಲೆಮಾರು ಕಂಡದ್ದೆಲ್ಲ ಮುದಿ ಮರವನ್ನೇ.

ಅಜ್ಜ ಕುರಿ ಕಡೆ ಹೋದ ಮೇಲೆ ಮತ್ತೊಮ್ಮೆ ತುದಿಯ ಎಳೆ ಕಡ್ಡಿಯನ್ನು ಬಗ್ಗಿಸಿ ನೋಡಿದೆ. ಗಂಟುಗಳ ನಡುವೆ ನುಣ್ಣಗಿತ್ತು. ಗಂಟಿಗೊಂದು ಜೋಡಿ ಮುಳ್ಳು, ಆ ಕಡ್ಡಿಯ ಬುಡದಿಂದ ತುದಿಯವರೆಗೂ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

'ಅಣ್ಣ, ಇದು ಜಾಲಿ' ಎಂದೆ.

ಅವನು ವಾದ ಮಾಡುತ್ತಾನೆ ಎಂದುಕೊಂಡಿದ್ದೆ. ಮಾಡಲಿಲ್ಲ. ಬೇಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಂದು ಮಣ್ಣಿನ ಹೆಂಟೆ ತೆಗೆದುಕೊಂಡು ಪುಡಿ ಮಾಡಿದ.

'ಎರಡು ಹುಟ್ಟಿದ್ವು' ಎಂದ.

'ಏನು?'

'ಬೊಡ್ಡೆ ಪಕ್ಕ ಎರಡು ಸಸಿ ಹುಟ್ಟಿದ್ವು ಕಣಮ್ಮ. ಒಂದು ಇದು, ಜೋರಾಗಿ ಎದ್ತು. ಇನ್ನೊಂದು ಬಡಕಲು. ಬೂದಿ ಬಣ್ಣ, ಮೈತುಂಬ ಮುಳ್ಳು. ವರ್ಷ ಆದ್ರೂ ಗೇಣುದ್ದ ಆಗ್ಲಿಲ್ಲ. ಮುಳ್ಳು ನೋಡಿ ಅದೇ ಜಾಲಿ ಅಂದ್ಕೊಂಡೆ. ಇದಕ್ಕೆ ಒತ್ತಾಗ್ತೈತೆ ಅಂತ ಕಿತ್ತಾಕ್ದೆ.'

ಜೋಳದ ಸಾಲಾಗಲಿ, ಮೆಣಸಿನ ಸಾಲಾಗಲಿ, ಒತ್ತಾಗಿ ಬಂದರೆ ಬಡಕಲನ್ನು ಕಿತ್ತು ಜೋರಾದದ್ದನ್ನು ಉಳಿಸುವುದು ಬೇಸಾಯದ ಮೊದಲ ಪಾಠ. ಅಪ್ಪ ನಮ್ಮಿಬ್ಬರಿಗೂ ಕೈ ಹಿಡಿದು ಕಲಿಸಿದ್ದು ಅದನ್ನೇ. ಅಣ್ಣ ಅದನ್ನೇ ಮಾಡಿದ್ದ.

'ಇದು ಜಾಲಿ ಆದ್ರೆ, ಅದ್ಯಾವ್ದು?' ಎಂದು ಕೇಳಿದ.

ಅವನು ನನ್ನ ಮುಖ ನೋಡುತ್ತಿದ್ದ. ನಾನು ತಡಮಾಡಿದರೆ ತಡಮಾಡಿದ್ದೇ ಉತ್ತರವಾಗುತ್ತಿತ್ತು.

'ಅದೂ ಜಾಲಿನೇ ಕಣಣ್ಣ' ಎಂದೆ. 'ಎಳೇದ್ರಲ್ಲಿ ಕೆಲವು ಹಂಗೇ ಇರ್ತವೆ.'

'ಹಂಗಾದ್ರೆ ಸರಿ ಬಿಡು' ಎಂದು ಅವನು ಉಸಿರು ಬಿಟ್ಟ. ಮನೆಗೆ ಹೋಗಿ ಗುದ್ದಲಿ ತಂದ. ಬುಡ ಅಗೆಯುವಾಗ ಅರಿಶಿನ ಕುಂಕುಮ ಬಿದ್ದ ಮಣ್ಣನ್ನು ಮಾತ್ರ ಬೇರೆ ತೆಗೆದು ಬದುವಿನ ಮೇಲಿಟ್ಟ. ಮೂವತ್ತು ವರ್ಷದ ಸಂಸಾರದಲ್ಲಿ, ನೌಕರಿಯಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿ ನಾನು ಕಟ್ಟಿಕೊಂಡ ವೈರ ಸಣ್ಣದಲ್ಲ. ಆ ನಾನು ಒಂದೇ ಬೆಳಿಗ್ಗೆಯಲ್ಲಿ ಒಂದು ನಿಜವನ್ನೂ ಒಂದು ಸುಳ್ಳನ್ನೂ ಒಬ್ಬನಿಗೇ ಹೇಳಿದ್ದೆ. ಯಾವುದು ಹೇಳಬಾರದಿತ್ತು ಎಂದು ಬಸ್ಸಿನಲ್ಲಿ ಹೊಳಲ್ಕೆರೆಯವರೆಗೂ ಯೋಚಿಸಿದೆ. ತಿಳಿಯಲಿಲ್ಲ.

ಹಿರಿಯರು ನೆಡಬಾರದೆಂಬ ಕಟ್ಟು ಸಡಿಲಿಸಿದರು. ಚಿತ್ರದುರ್ಗದ ನರ್ಸರಿಯಿಂದ ಒಂದು ಬನ್ನಿ ಸಸಿ ತರಿಸಿ ಗುಡಿಯ ಹಿಂದೆ ನೆಡಿಸಿದರು. ನಮ್ಮ ಹೊಲದಲ್ಲೇ ನೆಡಬಹುದಲ್ಲ ಎಂದು ನಾನು ಫೋನಿನಲ್ಲಿ ಜಗಳಕ್ಕೆ ಹೋದೆ. 'ಮತ್ತೆ ಹಿನ್ನೀರು ಏರಿದ್ರೆ ಯಾರ್ ಜವಾಬ್ದಾರಿ ಮೇಡಂನೋರೆ?' ಎಂದರು.

ವಿಜಯದಶಮಿಗೆ ಊರಿಗೆ ಹೋದೆ. ಪಲ್ಲಕ್ಕಿ ಹೊರಟು ಗುಡಿಯ ಸುತ್ತ ಬಂದು ಹಿಂದುಗಡೆ ನಿಂತಿತು, ಅಷ್ಟೇ. ಅಣ್ಣ ಬಿಳಿ ಪಂಚೆ ಉಟ್ಟು ಎಲ್ಲರ ಜೊತೆ ನಿಂತಿದ್ದ. ಈ ಸಲ ಅವನಿಗೆ ಕೆಲಸವಿರಲಿಲ್ಲ. ಪೂಜೆ ಮುಗಿದು ಜನ ಎಲೆಗೆ ಮುಗಿಬಿದ್ದರು. ಎಳೆ ಸಸಿ, ಎಲೆ ಸಾಲದು ಎಂದು ಪೂಜಾರಿ ತಡೆದು, ಬೇರೆ ಕಡೆಯಿಂದ ತಂದ ಕೊಂಬೆ ಹಂಚಿದರು. ಗದ್ದಲ ಕಡಿಮೆಯಾದ ಮೇಲೆ ಅಣ್ಣ ಸಸಿಯ ಹತ್ತಿರ ಹೋಗಿ ಬಗ್ಗಿದ. ನಾನು ಹಿಂದೆಯೇ ಇದ್ದೆ. ಅದು ಮೊಣಕಾಲೆತ್ತರವೂ ಇರಲಿಲ್ಲ. ಬೂದಿ ಬಣ್ಣ. ಕಡ್ಡಿಯ ಮೈತುಂಬ ಗಿಡ್ಡ ಗಿಡ್ಡ ಮುಳ್ಳು.

ಅವನು ಅದರ ಮೇಲೆ ಒಂದು ಬೆರಳಿಟ್ಟು ಮೇಲಿನಿಂದ ಕೆಳಗೆ ಎಳೆದ.

'ಹಿಂಗೇ ಇತ್ತು' ಎಂದ.

ಅವನು ಎದ್ದು, ಪೂಜಾರಿ ಕೊಟ್ಟಿದ್ದ ಎಲೆಗಳಲ್ಲಿ ನಾಲ್ಕನ್ನು ನನ್ನ ಅಂಗೈಗೆ ಹಾಕಿದ. 'ಬನ್ನಿ ತಗ. ಬಂಗಾರದಂಗಿರು' ಎಂದ. ಕಾಲಿಗೆ ಬೀಳಲು ಬಗ್ಗಿದೆ, ಮೇಲೇಳಲು ಆಗಲಿಲ್ಲ.