ಶಾಲುಬಾಯಿ ಕೊಟ್ಟ ಮರ್ಯಾದೆ

ಮೈಲೂರಿನ ಶಾಲುಬಾಯಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಬದುಕಿದವಳು. ಗಂಡ ಮಾಣಿಕ ತೀರಿಕೊಂಡ ಮೇಲೆ ಇದ್ದೊಂದು ಕೂಸನ್ನು ಓದಿಸಿದಳು. ಗಂಡು ಕೂಸೆಂದು ಗೌರವ ಅಂತ ಹೆಸರಿಟ್ಟಿದ್ದರು. ದೊಡ್ಡದಾದ ಮೇಲೆ ಅದು ಸೀರೆ ಉಟ್ಟು, ಸಪನಾ ಎಂದು ತನ್ನ ಹೆಸರು ತಾನೇ ಇಟ್ಟುಕೊಂಡಿತು.

ಔರಾದದ ಒಂದು ಸಂಸ್ಥೆಯಲ್ಲಿ ಸಪನಾಳಿಗೆ ನೌಕರಿ. ತಮ್ಮನ್ನು ಅವನು ಅನ್ನಬೇಕೋ ಅವಳು ಅನ್ನಬೇಕೋ ಎಂದು ಅಲ್ಲಿನವರೆಲ್ಲ ಕೊರಳಿನ ಕಾರ್ಡಿನಲ್ಲಿ ಹೆಸರಿನ ಕೆಳಗೆ ಬರೆಸಿಕೊಳ್ಳುತ್ತಿದ್ದರು. ‘ಅವಳು’ ಎಂದಿದ್ದ ತನ್ನ ಕಾರ್ಡನ್ನು ಸಪನಾ ತಾಯಿಗೆ ಓದಿ ಹೇಳಿದಳು.

“ಯವ್ವಾ, ಒಂದೇ ಬೇಡ್ತೇನಿ. ನಾಕ ಮಂದ್ಯಾಗ ನನಗ ಅಕಿ ಅನ್ನು.”

“ಆಯ್ತೇಳು, ಅಂತೇನಿ.”

ಮನೆಯಲ್ಲಿ ಅನ್ನುತ್ತಿದ್ದಳು ಕೂಡ. ಬಾಯಿ ತಪ್ಪಿ ‘ಅಂವ’ ಅಂದರೆ ಸಪನಾ ಜಗಳ ತೆಗೆಯುತ್ತಿದ್ದಳು. ಜಗಳ ಮುಗಿಸಿ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು.

ಖಟಕ ಚಿಂಚೋಳಿಯಲ್ಲಿ ಶಾಲುಬಾಯಿಯ ಅಣ್ಣ ಉತ್ತಮನ ಮಗಳು ಮಹಾಮಾಯಾಳ ಕುಬಸ ಬಂತು. ಬಸುರಿಗೆ ಉಡಿ ತುಂಬುವುದು ಹೆಂಗಸರ ಕೆಲಸ. ಸಪನಾ ಅಕ್ಕಿ, ಕೊಬ್ಬರಿ ಹಿಡಿದು ಹೆಂಗಸರ ಹಿಂದೆ ನಿಂತಳು. ಉತ್ತಮನ ನೆರೆಮನೆಯ ಅಂಜನಾಬಾಯಿ ಸುಮ್ಮನಿರಲಿಲ್ಲ.

“ಶಾಲುಬಾಯಿ, ನಿನ್ನ ಕೂಸು ಬಂದಾನೋ, ಬಂದಾಳೋ? ಒಮ್ಮೆ ಹೇಳಿಬಿಡವ್ವ!”

ಎಲ್ಲರೂ ನಕ್ಕರು. ಆ ನಗುವಿನ ಮುಂದೆ ‘ಅಕಿ’ ಅನ್ನಲು ಶಾಲುಬಾಯಿಗೆ ನಾಚಿಕೆಯಾಯಿತು. ಮಗಳಿಗೂ ಮಂದಿಗೂ ಬೇಸರವಾಗದಂಥ ದಾರಿ ಹುಡುಕಿ, “ಅವರು ಬಂದಾರ್ರಿ” ಅಂದಳು.

“ಅವರಂತ! ಸಾಹೇಬರಿಗೆ ಕುರ್ಚಿ ಹಾಕ್ರೇ!”

ಯಾರೋ ನಿಜವಾಗಿಯೂ ಹಾಕಿದರು, ಅಂಗಳದಲ್ಲಿ, ಗಂಡಸರ ಸಾಲಿನಲ್ಲಿ. ಸಪನಾ ಅಕ್ಕಿ ಕೊಬ್ಬರಿಯನ್ನು ತಾಯಿಯ ಕೈಗಿಟ್ಟು ಅಲ್ಲಿ ಹೋಗಿ ಕೂತಳು.

ಭಾಲ್ಕಿ ಬಸ್ ನಿಲ್ದಾಣದಲ್ಲಿ ಶಾಲುಬಾಯಿ ತಾನೇ ಮಾತು ತೆಗೆದಳು. “ಮರ್ಯಾದಿ ಕೊಟ್ಟೇ ಅಂದೆನಲ್ಲ?”

“ಅಂವ ಅಂದಿದ್ರ ಜಗಳಾಡ್ತಿದ್ದೆ ಯವ್ವಾ. ಪರರಿಗೆ ಅಂದಂಗ ಅಂದಿ. ಪರರ ಸಂಗಾಟ ಹ್ಯಾಂಗ ಜಗಳಾಡ್ಲಿ?”

ಔರಾದದ ಬಸ್ಸು ಬಂತು. ಸಪನಾ ಹತ್ತಿ ಹೋದಳು.

ಈಗ ಶಾಲುಬಾಯಿ ಯಾರೂ ಕೇಳದಿದ್ದರೂ “ನನ್ನ ಮಗಳು, ಅಕಿ ಔರಾದದಾಗ ಇರ್ತಾಳ” ಅನ್ನುತ್ತಾಳೆ. ಖಾನಾವಳಿಯವರ ಮುಂದೆ ಅನ್ನುತ್ತಾಳೆ, ಅಂಜನಾಬಾಯಿಯ ಮುಂದೆಯೂ ಅಂದು ಬಂದಳು. ಸಪನಾ ಮಾತ್ರ ಮನೆಗೆ ಬರುವುದಿಲ್ಲ. ಫೋನು ಮಾಡಿ ಕೇಳುವುದನ್ನು ತಪ್ಪಿಸುವುದಿಲ್ಲ.

“ಉಂಡ್ರೇನ್ರಿ? ಗುಳಿಗಿ ತಗೊಂಡ್ರಿ?”

“ನನಗ ರೀ ಅನಬ್ಯಾಡ ನನ್ನವ್ವ. ನೀ ಅನ್ನು. ಬೇಕಾದ್ರ ಬೈಯಿ.”

“ನಿಮಗ್ಯಾಕ ಬೈಲಿರಿ,” ಅನ್ನುತ್ತಾಳೆ ಸಪನಾ, ಮೆತ್ತಗೆ.