ಆಚಾರ್ರು ತಿಂದ ಬೈಗುಳ

ಸುಬ್ರಹ್ಮಣ್ಯಾಚಾರ್ರ ಮೇಲೆ ನನಗೆ ಒಂದು ಸಿಟ್ಟು ಇನ್ನೂ ಇದೆ. ಅವರು ನನಗೆ ಸುಳ್ಳು ಹೇಳಿದರು. ಅದೂ ನನ್ನ ಮುಖ ನೋಡಿಕೊಂಡು, ನಾಲ್ಕು ಜನರ ಎದುರಿಗೆ. ಅವತ್ತೇ ನಿಜ ಹೇಳಿಬಿಟ್ಟಿದ್ದರೆ ನಾನು ಇಷ್ಟು ಸಣ್ಣವನಾಗುತ್ತಿರಲಿಲ್ಲ. ನಿಜ ಹೇಳಿದರೆ ತಡೆದುಕೊಳ್ಳುವ ಗಂಡಸಲ್ಲ ಇವನು ಎಂದು ಅವರೇ ತೀರ್ಮಾನ ಮಾಡಿಕೊಂಡರಲ್ಲ, ಆ ಸಿಟ್ಟು. ಅವರ ತೀರ್ಮಾನ ಸರಿಯಾಗಿತ್ತು ಎಂಬುದು ಬೇರೆ ಮಾತು.

ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಗೊಬ್ಬರದ ಅಂಗಡಿಗೂ ಟೈಲರ್ ಅಂಗಡಿಗೂ ನಡುವೆ ಅವರ ಅಂಗಡಿ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕು, ಅಷ್ಟು ಇಕ್ಕಟ್ಟು. ಮೊದಲು ಅಲ್ಲಿ ಅವರ ಅಪ್ಪ ಚಿನ್ನದ ಕೆಲಸ ಮಾಡುತ್ತಿದ್ದರು. ನಮ್ಮ ಕಡೆಯ ಎಷ್ಟೋ ಹೆಂಗಸರ ತಾಳಿ, ಓಲೆ, ಮೂಗುಬೊಟ್ಟು ಆ ಅಂಗಡಿಯಲ್ಲೇ ಆದವು. ನಮ್ಮವ್ವ ಚೆಲುವಮ್ಮನ ತಾಳಿಯೂ ಅಲ್ಲಿಯದೇ. ಆಮೇಲೆ ಮೈಸೂರಿನಲ್ಲಿ, ಮಂಡ್ಯದಲ್ಲಿ ದೊಡ್ಡ ದೊಡ್ಡ ಒಡವೆ ಅಂಗಡಿಗಳು ಬಂದವು. ಜನ ಎ.ಸಿ.ಯಲ್ಲಿ ಕೂತು ಜ್ಯೂಸು ಕುಡಿದು ಸರ ತರುವುದನ್ನು ಕಲಿತರು. ಆಚಾರ್ರ ಹತ್ತಿರ ಉಳಿದದ್ದು ಮಕ್ಕಳ ಕಿವಿ ಚುಚ್ಚುವುದು, ತುಂಡಾದ ಸರಕ್ಕೆ ಬೆಸುಗೆ ಹಾಕುವುದು, ಅಷ್ಟೆ.

ಬೆಸುಗೆಯೇ ಅವರನ್ನು ಉಳಿಸಿತು. ಕೂದಲಿನಂಥ ಚಿನ್ನದ ತಂತಿ ಕೂಡಿಸುತ್ತಿದ್ದ ಕೈ ಮೊಬೈಲಿನ ಚಾರ್ಜರ್ ಪಿನ್ನು ಕೂಡಿಸಲು ಕಲಿಯಿತು. ಮೊಬೈಲಾದ ಮೇಲೆ ಲ್ಯಾಪ್‌ಟಾಪು. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟವನ್ನು ತಂದು, ಬಿಚ್ಚಿ, ಧೂಳು ಹೊಡೆದು, ಬ್ಯಾಟರಿ ಬದಲಾಯಿಸಿ ಮಾರುತ್ತಿದ್ದರು. ಅಪ್ಪ ಕೂರುತ್ತಿದ್ದ ಅದೇ ಗಿಡ್ಡ ಮೇಜು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅದೇ ಭೂತಗನ್ನಡಿ, ಚಿನ್ನದ ಪುಡಿ ಗುಡಿಸುತ್ತಿದ್ದ ಅದೇ ಸಣ್ಣ ಬ್ರಷ್ಷು.

ಅವರಿಗೆ ಒಂದು ಹೆಸರಿತ್ತು. ಕುಂದು ಮೊದಲು ಹೇಳಿ ಆಮೇಲೆ ಮಾರುವವರು ಎಂದು. 'ಇದರ ಬ್ಯಾಟರಿ ವೀಕು', 'ಇದರ ಒಂದು ಗುಂಡಿ ಗಟ್ಟಿ ಒತ್ತಬೇಕು', 'ಇದನ್ನ ತಗೋಬೇಡಿ, ಬ್ಯಾಸಿಗೇಲಿ ಕಾಯ್ತದೆ' ಎಂದು ತಾವೇ ಹೇಳುವರು. ಚಿನ್ನದ ಕೆಲಸದವರು ಎಂದರೆ ಜನಕ್ಕೆ ಒಂದು ಅನುಮಾನ ಇದ್ದೇ ಇರುತ್ತದೆ. ಎಷ್ಟು ಪ್ರಾಮಾಣಿಕನಾದರೂ ಬೆನ್ನ ಹಿಂದೆ ಒಂದು ಮಾತು ಆಡುತ್ತಾರೆ. ಆ ಮಾತನ್ನು ಅಪ್ಪನ ಕಾಲದಿಂದ ಕೇಳಿಸಿಕೊಂಡು ಬೆಳೆದ ಮನುಷ್ಯ. ಅದಕ್ಕೇ ಇರಬೇಕು, ಆ ಹೆಸರನ್ನು ಅಷ್ಟು ಜೋಪಾನ ಮಾಡಿದ್ದರು. ಹೆಸರು ಹೋದರೆ ಆ ಅಂಗಡಿಯಲ್ಲಿ ಇನ್ನೇನೂ ಇರಲಿಲ್ಲ.

ನಮ್ಮ ಮಗಳು ಮೇಘನಳ ಕಾಲೇಜಿಗೆ ಲ್ಯಾಪ್‌ಟಾಪು ತಂದದ್ದು ಅವರ ಹತ್ತಿರವೇ. ಹಳೆಯದಾದರೂ ಗಟ್ಟಿಮುಟ್ಟಾಗಿತ್ತು. ಪರದೆ ಬೆಳ್ಳಗೆ ಬೆಳಗುತ್ತಿತ್ತು, ಪಾಠದ ಸದ್ದು ಕೊಟ್ಟಿಗೆಯವರೆಗೂ ಕೇಳುತ್ತಿತ್ತು. ಆಯುಧಪೂಜೆ ಕಳೆದ ಮೇಲೆ ಏನಾಯಿತೋ, ಪರದೆ ಮೋಡ ಮುಚ್ಚಿಕೊಂಡ ಹಾಗಾಯಿತು. ಸದ್ದು ಬಾವಿಯೊಳಗಿಂದ ಯಾರೋ ಗೊಣಗಿದ ಹಾಗೆ. ಮೇಘನ ಬೆಳಕಿನ ಗುಂಡಿ ಒತ್ತಿದಳು, ಸದ್ದಿನ ಗುಂಡಿ ಒತ್ತಿದಳು, ಆರಿಸಿ ಹಾಕಿದಳು, ಚಾರ್ಜಿಗೆ ಹಾಕಿ ನೋಡಿದಳು. ಗೆಳತಿಗೆ ಫೋನು ಮಾಡಿ ಕೇಳಿಕೊಂಡು ಇಯರ್‌ಫೋನ್ ಸಿಕ್ಕಿಸಿ ನೋಡಿದಳು.

"ಇಯರ್‌ಫೋನಲ್ಲಿ ಚೆನ್ನಾಗ್ ಕೇಳ್ತದೆ ಕಣಪ್ಪ. ಅಂಗಾದ್ರೆ ಸ್ಪೀಕರ್‌ದೇ ತೊಂದ್ರೆ. ಪರದೇದು ಮಾತ್ರ ಗೊತ್ತಾಯ್ತಿಲ್ಲ."

ಪಾಠ ನೋಡಬೇಕಾದರೆ ಹಗಲಲ್ಲೇ ಕಂಬಳಿ ಹೊದ್ದು ಅದರೊಳಗೆ ಕೂರುತ್ತಿದ್ದಳು. ಅದನ್ನು ನೋಡಿ ನನಗೆ ನೆತ್ತಿಗೇರಿತು.

ನನ್ನ ಗಂಟಲು ನಮ್ಮೂರು ಚಿನಕುರಳಿಗೆಲ್ಲ ಗೊತ್ತು. ಕಲ್ಲುಕೋರೆಯಲ್ಲಿ ಟಿಪ್ಪರ್ ಓಡಿಸುತ್ತಿದ್ದಾಗ ಮಷೀನಿನ ಸದ್ದಿನ ಮೇಲೆ ಕೂಗಿ ಕೂಗಿ ಬಂದ ಗಂಟಲು ಎಂದು ನಾನೇ ಸಮಜಾಯಿಷಿ ಹೇಳಿಕೊಂಡು ಬಂದಿದ್ದೇನೆ. ಕೋರೆ ಬಿಟ್ಟು ಹಸು ಕಟ್ಟಿದ ಮೇಲೂ ಅದು ಇಳಿಯಲಿಲ್ಲ.

"ಯಾರ್ ಮುಟ್ಟುದ್ರಿ ಇದನ್ನ?" ಎಂದು ಮನೆಯೆಲ್ಲ ನಡುಗುವ ಹಾಗೆ ಕೂಗಿದೆ. "ಮುಟ್ಟಿರೋ ಕೈ ಮುರ್ದಾಕ್ತೀನಿ!"

ಹೆಂಡತಿ ಹಾಲಿನ ಕ್ಯಾನು ಹಿಡಿದು ಹೊರಗೆ ಹೋದಳು. ಅವ್ವ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. ಮುಟ್ಟಿದೆ ಎಂದು ಯಾರೂ ಒಪ್ಪಲಿಲ್ಲ. ಅಂದ ಮೇಲೆ ತಪ್ಪು ಮಾರಿದವನದೇ ಎಂದುಕೊಂಡೆ. ಎರಡು ದಿನ ಬಿಟ್ಟು ಮೇಘನಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪಾಂಡವಪುರಕ್ಕೆ ಹೋದೆ.

ಅಂಗಡಿಯಲ್ಲಿ ನಮ್ಮೂರ ಪುಟ್ಟರಾಜು ಮೊಬೈಲಿಗೆ ಗ್ಲಾಸು ಹಾಕಿಸಿಕೊಳ್ಳುತ್ತಿದ್ದ. ಬೇರೆ ಒಂದಿಬ್ಬರಿದ್ದರು. ನಾನು ಮೆಟ್ಟಿಲ ಮೇಲಿಂದಲೇ ಶುರು ಮಾಡಿದೆ.

"ಏನ್ ಆಚಾರ್ರೆ, ಕುರುಡು ಮೂಗ ಎರಡೂ ಸೇರ್ಸಿ ಒಂದೇ ಡಬ್ಬಕ್ಕಾಕಿ ಕೊಟ್ಟಿದ್ದೀರಲ್ಲ!"

ಅವರು ಲ್ಯಾಪ್‌ಟಾಪು ತೆಗೆದುಕೊಂಡು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. ಟಾರ್ಚು ಹಾಕಿ ಪರದೆಯ ಮೇಲಂಚು ನೋಡಿದರು. ಗುಂಡಿಗಳ ಎರಡೂ ಪಕ್ಕದ ಸಣ್ಣ ತೂತುಗಳನ್ನು ನೋಡಿದರು. ಮೂಗಿನ ಹತ್ತಿರ ತಂದು ಮೂಸಿದ ಹಾಗೂ ಮಾಡಿದರು. ಆಮೇಲೆ ಮೆಲ್ಲಗೆ ಮೇಜಿನ ಮೇಲಿಟ್ಟರು.

"ಮಡಗಿ ಓಗಿ ಗೌಡ್ರೆ. ನಾಳೆ ಮಗೀನ ಕಳ್ಸಿ, ಕೊಡ್ತೀನಿ."

"ಏನಾಗದೆ ಅಂತ ಯೋಳಿ ಮೊದ್ಲು."

"ಸಣ್ಣದು. ಸರಿಯೋಯ್ತದೆ."

"ಸಣ್ಣದು ಅಂದ್ರೆ? ನನ್ನ ಮಗಳು ಕಂಬ್ಳಿ ಒಳ್ಗೆ ಕುಂತು ಓದ್ತಾವ್ಳೆ, ನಿಮ್ಗೆ ಸಣ್ಣದಾ? ಗೊತ್ತಿದ್ದೂ ಕೊಟ್ರಾ, ಗೊತ್ತಿಲ್ದೆ ಕೊಟ್ರಾ? ಅದನ್ನ ಯೋಳಿ!"

ಅವರು ಬ್ರಷ್ಷು ಎತ್ತಿಕೊಂಡು ಮೇಜು ಗುಡಿಸತೊಡಗಿದರು. ಸುಮ್ಮನಿರುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು ಏರುತ್ತದೆ. ಆಗ ಬಾಯಿಂದ ಬಂದದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

"ಲೇ ಆಚಾರಿ, ನಿಮ್ಮಪ್ಪ ಚಿನ್ನಕ್ಕೆ ತಾಮ್ರ ಬೆರೆಸ್ದ, ನೀನು ಇದ್ಕೆ ಬೆರೆಸ್ತಿದ್ದೀಯ. ಆ ಬುದ್ಧಿ ಎಲ್ಲೋದದು ಬುಡು!"

ಪುಟ್ಟರಾಜು ಕಿಸಕ್ಕನೆ ನಕ್ಕ. ಆಚಾರ್ರ ಕೈಯಲ್ಲಿದ್ದ ಬ್ರಷ್ಷು ಹಾಗೇ ನಿಂತಿತು. ಅಷ್ಟು ವರ್ಷ ಆ ಮಾತು ಬೆನ್ನ ಹಿಂದೆ ಓಡಾಡಿತ್ತೇ ಹೊರತು, ಅವರ ಅಂಗಡಿಯಲ್ಲಿ ನಿಂತು ಯಾರೂ ಆಡಿರಲಿಲ್ಲವೇನೋ. ಅವರು ನನ್ನನ್ನು ನೋಡಿದರು, ಮೇಘನಳನ್ನು ನೋಡಿದರು. ಅವಳು ತಲೆ ಬಗ್ಗಿಸಿಕೊಂಡಿದ್ದಳು.

"ತಪ್ಪು ನಂದೇ ಗೌಡ್ರೆ," ಎಂದರು. "ಮಾರೋವಾಗ್ಲೇ ಒಳ್ಗೆ ಕುಂದಿತ್ತು. ಯೋಳ್ಬೇಕಿತ್ತು, ಯೋಳ್ನಿಲ್ಲ."

"ಕೇಳ್ಸ್ಕಂಡೇನ್ಲಾ ಪುಟ್ಟ?" ಎಂದೆ. ಯುದ್ಧ ಗೆದ್ದವನ ಹಾಗೆ ಬೈಕು ಹತ್ತಿದೆ.

ಮಾರನೆಯ ದಿನ ಮೇಘನ ತಂದಾಗ ಪರದೆ ಮೊದಲಿನ ಹಾಗೆ ಬೆಳಗುತ್ತಿತ್ತು. ಸದ್ದು ಕೊಟ್ಟಿಗೆಗೆ ಕೇಳಿತು. ಆಚಾರ್ರು ಕಾಸು ಮುಟ್ಟಲಿಲ್ಲವಂತೆ. ಅದನ್ನೂ ನಾನು ತಪ್ಪೊಪ್ಪಿಗೆ ಎಂದೇ ತಿಳಿದೆ. ಟೀ ಅಂಗಡಿಯಲ್ಲಿ, ಹಾಲಿನ ಡೈರಿಯಲ್ಲಿ, ಕೆ.ಆರ್. ಪೇಟೆಗೆ ಹೋಗುವ ಬಸ್ಸಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ನಾನು ಹೇಳದ ಕಡೆ ಪುಟ್ಟರಾಜು ಹೇಳಿದ.

ಮುಂದಿನ ಆಯುಧಪೂಜೆ ಬಂತು. ಟ್ರಾಕ್ಟರು, ಗುದ್ದಲಿ, ಕುಡುಗೋಲು, ಮಿಕ್ಸಿ ಎಲ್ಲಕ್ಕೂ ಅವ್ವ ಗಂಧ ಹಚ್ಚಿ ಕುಂಕುಮವಿಟ್ಟಳು. ಲ್ಯಾಪ್‌ಟಾಪಿನ ಹತ್ತಿರ ಬಂದವಳು ತಟ್ಟೆ ಹಿಡಿದುಕೊಂಡು ಹಿಂದಕ್ಕೆ ಸರಿದಳು.

"ಯಾಕವ್ವ, ಅದೇನು ತಪ್ಪು ಮಾಡ್ತು? ಅದ್ಕೂ ಒಂದು ಬೊಟ್ಟು ಇಡು," ಎಂದೆ. ಹಬ್ಬದ ದಿನ, ಒಳ್ಳೆಯ ಮನಸ್ಸಿನಲ್ಲೇ ಇದ್ದೆ.

ಮೇಘನ ನಮ್ಮಿಬ್ಬರ ನಡುವೆ ಬಂದು ನಿಂತಳು.

"ಅಪ್ಪ, ಕೂಗಲ್ಲ ಅಂದ್ರೆ ಒಂದ್ ಮಾತು ಯೋಳ್ತೀನಿ."

ಅವಳು ಹೇಳಿದ್ದು ಇಷ್ಟು. ಆ ಲ್ಯಾಪ್‌ಟಾಪಿನ ಪರದೆಯ ಮೇಲಂಚಿನಲ್ಲಿ, ಕ್ಯಾಮೆರಾದ ಪಕ್ಕ, ಸಾಸಿವೆಗಿಂತ ಸಣ್ಣದೊಂದು ಕಣ್ಣಿದೆ. ಸುತ್ತ ಬೆಳಕಿದ್ದರೆ ಅದು ಪರದೆಯನ್ನು ಬೆಳಗಿಸುತ್ತದೆ, ಕತ್ತಲಿದ್ದರೆ ಮಂಕು ಮಾಡುತ್ತದೆ. ಹಿಂದಿನ ವರ್ಷ ಅವ್ವ ಮನುಷ್ಯರ ಹಣೆಗೆ ಇಟ್ಟ ಹಾಗೆ ಸರಿಯಾಗಿ ನಡುವೆ ಗಂಧ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟಿದ್ದಳು. ಕಣ್ಣು ಮುಚ್ಚಿಹೋಗಿ ಅದಕ್ಕೆ ಹಗಲೂ ಕತ್ತಲಾಯಿತು. ಎರಡು ಪಕ್ಕದ ತೂತುಗಳು ಸ್ಪೀಕರಿನವು, ಅಲ್ಲಿಗೂ ಗಂಧ ಬಳಿದಿದ್ದಳು. ಪೂಜೆಯಾದ ಮೇಲೆ ಮೇಘನ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಮೇಲಿನದು ಹೋಯಿತು, ಉಳಿದದ್ದು ತೂತಿನೊಳಗೆ ಇಳಿದು ಒಣಗಿತು. ಅವಳು ತರಲು ಹೋದ ದಿನ ಆಚಾರ್ರು ಅವಳೆದುರಿಗೇ ಬ್ರಷ್ಷಿನಲ್ಲಿ ಅದನ್ನು ಬಿಡಿಸಿದ್ದರು, ಅಷ್ಟೇ ರಿಪೇರಿ.

"ಅದನ್ನ ಅವ್ರು ಅವತ್ತೇ ಯೋಳ್ಬೋದಿತ್ತಲ್ಲ?"

ಮೇಘನ ಅಜ್ಜಿಯ ಕಡೆ ನೋಡಿದಳು.

ನಾನು ಕೈ ಮುರಿಯುತ್ತೇನೆ ಎಂದು ಕೂಗಿದ ಮಾರನೆಯ ದಿನ ಅವ್ವ ಯಾರಿಗೂ ಹೇಳದೆ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಿದ್ದಳಂತೆ. ತಾನು ಬೊಟ್ಟು ಇಟ್ಟ ಮೇಲೇ ಅದು ಮಂಕಾದದ್ದು ಎಂದು ಅವಳಿಗೆ ಅನುಮಾನ ಬಂದಿತ್ತು.

"ಅವ್ರಪ್ಪ ನನ್ನ ತಾಳಿ ಮಾಡ್ಕೊಟ್ಟೋರು ಕಣ್ಲಾ," ಎಂದಳು ಅವ್ವ. ನನ್ನ ಮುಖ ನೋಡಲಿಲ್ಲ, ಕುಂಕುಮದ ಬಟ್ಟಲು ನೋಡಿಕೊಂಡು ಹೇಳಿದಳು. "ಆ ಗುರ್ತಿನ ಮೇಲೆ ಓದೆ. ನನ್ನಿಂದ ಆಗಿದ್ರೆ ನನ್ ಮಗನ್ಗೆ ಮಾತ್ರ ಯೋಳ್ಬ್ಯಾಡ ಕಣಪ್ಪ ಅಂದೆ. ಯೋಳಕಿಲ್ಲ ಓಗಮ್ಮ ಅಂದ್ರು."

ನಾನು ಕೂಗಲಿಲ್ಲ. ಏನಾದರೂ ಹೇಳಬೇಕೆಂದು ಒಂದು ಹೆಜ್ಜೆ ಮುಂದೆ ಬಂದೆ. ಅವ್ವ ಒಂದು ಹೆಜ್ಜೆ ಹಿಂದೆ ಹೋಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಗ ನನಗೆ ಹೊಳೆಯಿತು: ನಾನು ಮನೆಯಲ್ಲಿದ್ದಾಗ ಅವ್ವ ಯಾವಾಗಲೂ ಯಾವುದಾದರೊಂದು ಬಾಗಿಲ ಹತ್ತಿರವೇ ನಿಂತಿರುತ್ತಾಳೆ. ವಯಸ್ಸಾಗಿದೆ, ಆಸರೆಗೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ನನ್ನನ್ನು ಹೆತ್ತವಳು, ನಾನು ಬಾಯಿ ತೆರೆದರೆ ಹೊರಗೆ ಹೋಗಲು ದಾರಿ ಇಟ್ಟುಕೊಂಡು ನಿಲ್ಲುತ್ತಿದ್ದಳು.

ಹಬ್ಬದ ಮಾರನೆಯ ದಿನ ಆಚಾರ್ರ ಅಂಗಡಿಗೆ ಹೋದೆ. ನಾಚಿಕೆ ಪಡಬೇಕಾದವನು ನಾನು. ಆದರೆ ಬಾಯಿಂದ ಬಂದದ್ದು ಜಗಳದ ಮಾತೇ.

"ಯಾಕ್ ಆಚಾರ್ರೆ ನಂಗೆ ಸುಳ್ಳು ಯೋಳುದ್ರಿ?"

ಅವರಿಗೆ ಅರ್ಥವಾಯಿತು. ಕಣ್ಣಿಂದ ಭೂತಗನ್ನಡಿ ತೆಗೆದರು.

"ಅವ್ವಾರಿಗೆ ಏನೂ ಅನ್ನಲಿಲ್ಲ ತಾನೆ?"

"ಇಲ್ಲ."

"ಅಷ್ಟು ಸಾಕು ಬುಡಿ. ನೀವು ನನ್ನ ಒಂದ್ಸಲ ಬೈದು ಬೈಕ್ ಅತ್ತಿ ಓಯ್ತೀರಿ. ಅವ್ರು ದಿನಾ ನಿಮ್ ಜೊತೆ ಒಂದೇ ಮನೇಲಿ ಇರ್ಬೇಕಲ್ಲ ಗೌಡ್ರೆ."

ಕೋಪವಿಲ್ಲದೆ ಹೇಳಿದರು. ಕೋಪದಿಂದ ಹೇಳಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗುತ್ತಿದ್ದೆ. ಹಿಂದಿನ ಗೋಡೆಯ ಹಲಗೆ ಖಾಲಿಯಾಗಿತ್ತು. ಲ್ಯಾಪ್‌ಟಾಪುಗಳನ್ನು ಸಾಲಾಗಿ ಜೋಡಿಸುತ್ತಿದ್ದ ಜಾಗ ಅದು.

"ಈಗ ತರ್ತಿಲ್ವಾ?"

"ಕೇಳೋರಿಲ್ಲ," ಎಂದಷ್ಟೇ ಹೇಳಿ ಗಿರಾಕಿಯ ಮೊಬೈಲು ಕೈಗೆತ್ತಿಕೊಂಡರು.

ಅಂಗಡಿಯಲ್ಲಿ ಆಗಲೂ ಮೂರು ನಾಲ್ಕು ಜನರಿದ್ದರು. ಹೋದ ವರ್ಷ ಕೂಗಿದ್ದರಲ್ಲಿ ಅರ್ಧದಷ್ಟು ಜೋರಾಗಿ 'ತಪ್ಪು ನಮ್ಮ ಮನೆಯದು, ಈ ಮನುಷ್ಯನದಲ್ಲ' ಎಂದಿದ್ದರೆ ಸಾಕಾಗಿತ್ತು. ಗಂಟಲು ಬರಲಿಲ್ಲ. "ಬರ್ತೀನಿ ಆಚಾರ್ರೆ" ಎಂದು ಮೆಟ್ಟಿಲಿಳಿದೆ.

ಊರಿನಲ್ಲಿ ಹೇಳೋಣ, ಎಲ್ಲರೂ ಇರುವಾಗ ಹೇಳೋಣ ಎಂದು ಸಮಾಧಾನ ಮಾಡಿಕೊಂಡೆ. ಆ ಹೊತ್ತೂ ಬಂತು. ಪುಟ್ಟರಾಜುವಿನ ಮಗಳು ಅಕ್ಷಿತಾಗೆ ಕಾಲೇಜು ಸೀಟು ಸಿಕ್ಕಿತ್ತು. ಟೀ ಅಂಗಡಿಯಲ್ಲಿ ಲ್ಯಾಪ್‌ಟಾಪಿನ ಮಾತು ಎದ್ದಿತು.

"ಪಾಂಡವಪುರದ ಆಚಾರ್ರತ್ರ ತಗೊಳ್ಲಾ, ಕಮ್ಮಿಗೆ ಕೊಡ್ತಾರೆ," ಎಂದ ಟೀ ಮಾಡುವ ತಿಮ್ಮರಾಜು.

"ಅಯ್ಯೋ ಬುಡಣ್ಣ, ಕುಂದು ಮುಚ್ಚಿಟ್ಟು ಮಾರ್ದೆ ಅಂತ ಅವ್ರೇ ಬಾಯ್ಬುಟ್ಟು ಒಪ್ಕಂಡವ್ರೆ. ನನ್ ಕಿವಿಯಾರ ಕೇಳಿವ್ನಿ. ಬೇಕಾದ್ರೆ ಇವ್ನನ್ನೇ ಕೇಳು," ಎಂದು ಪುಟ್ಟರಾಜು ನನ್ನ ಕಡೆ ಕೈ ತೋರಿಸಿದ. "ಯೋಳ್ಲಾ."

ಎಲ್ಲರೂ ನನ್ನನ್ನು ನೋಡಿದರು. ನಿಜ ಹೇಳುವುದು ಒಂದು ಮಾತಿನ ಕೆಲಸ. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಮಾಡದ ತಪ್ಪನ್ನು ಅವರು ಯಾಕೆ ಒಪ್ಪಿಕೊಂಡರು? ನನ್ನ ತಾಯಿಗೆ ನನ್ನನ್ನು ಕಂಡರೆ ಭಯ, ಅದಕ್ಕೆ ಎನ್ನಬೇಕಾಗುತ್ತದೆ. ಅಷ್ಟು ಜನ ಗಂಡಸರ ನಡುವೆ ಕೂತು.

"ಮೈಸೂರಲ್ಲೇ ನೋಡ್ಲಾ," ಎಂದೆ. "ಅಲ್ಲಾದ್ರೆ ಗ್ಯಾರಂಟಿ ಕೊಡ್ತಾರೆ."

ಇಲ್ಲಿ ಬರೆದದ್ದು ಲೆಕ್ಕಕ್ಕಿಲ್ಲ. ಆ ಟೀ ಅಂಗಡಿಯಲ್ಲಿ ಕೂರುವವರು ಇದನ್ನು ಓದುವವರಲ್ಲ. ಪುಟ್ಟರಾಜು, ಅಕ್ಷಿತಾ ಇಬ್ಬರೂ ಪಾಂಡವಪುರ ದಾಟಿಕೊಂಡೇ ಮೈಸೂರಿಗೆ ಹೋಗಿ ಹೊಸ ಲ್ಯಾಪ್‌ಟಾಪು ತಂದರು. ಆಚಾರ್ರಿಗೋಸ್ಕರ ನಾನು ಆಡಬೇಕಾಗಿದ್ದ ಆ ಒಂದು ಮಾತನ್ನು ಇವತ್ತಿನವರೆಗೂ ಆಡಿಲ್ಲ.